ನಲವತ್ತು ಬೈಗುಳ, ನಲವತ್ತು ಉತ್ತರ

ಮಾರ್ಚ್ 4

ಅಕ್ಕ,

ಈ ಕಾಲದಲ್ಲಿ ಕಾಗದ ಬರೆಯುತ್ತಾಳಲ್ಲ ಇವಳು ಅಂತ ನಗಬೇಡಿ. ಫೋನಿನಲ್ಲಿ ಮಾತಾಡಿದರೆ ಮಗು ಏಳುತ್ತಾಳೆ. ಮೇಲ್ ಕಳಿಸೋಣವೆಂದರೆ ಹೆರಿಗೆ ರಜೆ ಮುಗಿಯುವವರೆಗೆ ಕಂಪನಿಯ ಬಾಗಿಲು ನನಗೆ ಬಂದ್. ಮೊಬೈಲಿನಲ್ಲಿ ಬೆರಳಾಡಿಸಿದರೆ ಸಿಟ್ಟು ಅಕ್ಷರಕ್ಕಿಂತ ಮುಂದೆ ಓಡಿ, ಅಳಿಸಲಾಗದ್ದೇನನ್ನೋ ಕಳಿಸಿಬಿಡುತ್ತೇನೆ. ಕಾಗದವಾದರೆ ಹರಿಯಬಹುದು. ಇದು ಮೂರನೆಯದು. ಮೊದಲಿನ ಎರಡು ಹರಿದೆ.

ಎಡ ತೋಳಿನಲ್ಲಿ ನಿಮ್ಮ ಸೋದರಸೊಸೆ ಮಲಗಿದ್ದಾಳೆ. ಕೆಳಗೆ ಹಾಕಿದರೆ ಚೇಳು ಕಚ್ಚಿದವಳ ಹಾಗೆ ಅರಚುತ್ತಾಳೆ. ಐದು ತಿಂಗಳಿಂದ ಒಟ್ಟಿಗೆ ಎರಡು ಗಂಟೆ ನಿದ್ದೆ ಮಾಡಿದ ನೆನಪಿಲ್ಲ. ಆದರೆ ನಾನು ಬರೆಯುತ್ತಿರುವುದು ನಿದ್ದೆಗೆಟ್ಟ ತಲೆಯಿಂದಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನೀವು ಅದನ್ನೇ ಹೇಳುತ್ತೀರಿ.

ನಮ್ಮ ವಿಡಿಯೋ ಆಟ ಬಿಡುಗಡೆಯಾಯಿತಲ್ಲ. ನಿನ್ನೆ ನಿಮ್ಮ ತಮ್ಮನ ಲ್ಯಾಪ್‌ಟಾಪಿನಲ್ಲಿ ‘ಹೊಗೆಮಲೆ’ ತೆರೆದೆ. ಬಿಳಿಕೋಟೆಯ ಹೆಬ್ಬಾಗಿಲು, ಸಂತೆ ಬೀದಿ, ನಡುವೆ ಬಾವಿ, ಎಲ್ಲ ನಾವು ಬಿಳಿ ಹಲಗೆಯ ಮೇಲೆ ಗೀಚಿದ ಹಾಗೇ ಇದೆ. ಬೆಂಕಿಬೆಟ್ಟದ ಬುಡದ ಕೇರಿಯಿಂದ ಒಬ್ಬ ಬೂದಿಯವಳು ತಲೆಯ ಮೇಲೆ ಕಟ್ಟಿಗೆ ಹೊತ್ತು ಬಂದಳು. ಬಾವಿಕಟ್ಟೆಯ ಹೆಂಗಸು ಕೂಗಿದಳು: ‘ಬಾವಿ ಮುಚ್ಚಿ, ಬೂದಿ ಬಂತು!’

ನಾನು ಕಾದೆ. ಬೂದಿಯವಳು ತಿರುಗಿ ಉತ್ತರ ಕೊಡಬೇಕು. ಕೊಡಲಿಲ್ಲ. ತಲೆ ತಗ್ಗಿಸಿ ಹೋದಳು. ಮತ್ತೊಬ್ಬ ಬಂದ, ಮತ್ತೊಂದು ಬೈಗುಳ, ಮತ್ತೆ ತಗ್ಗಿದ ತಲೆ. ನಲವತ್ತೂ ಕೇಳಿದೆ ಅಕ್ಕ. ನಲವತ್ತಕ್ಕೂ ಮೌನ.

ನನ್ನ ಪಟ್ಟಿಯಲ್ಲಿ ಎರಡು ಅಂಕಣ ಇದ್ದವು. ಎಡಗಡೆ ಬೈಗುಳ, ಬಲಗಡೆ ಉತ್ತರ. ‘ಕೈ ತೋರಿಸು, ಏನು ಕದ್ದೆ?’ ಅಂದರೆ, ‘ನೋಡ್ಕೋ, ನಿನ್ನ ಗೋಡೆ ಇಟ್ಟಿಗೆ ಸುಟ್ಟಿದ್ದು ಇದೇ ಕೈ.’ ‘ಬಂದ ದಾರಿ ಹಿಡಿ’ ಅಂದರೆ, ‘ಹಿಡೀತೀನಿ, ನಾನು ಕಟ್ಟಿದ ಗೋಡೆ ಹೊತ್ಕೊಂಡು ಹೋಗ್ಲಾ?’ ಆಡುವವನಿಗೆ ಮೊದಲು ಬೈಗುಳ ಕೇಳಿ ನಗು ಬರಬೇಕು, ಉತ್ತರ ಕೇಳಿ ಆ ನಗು ಗಂಟಲಲ್ಲೇ ಸಿಕ್ಕಿಕೊಳ್ಳಬೇಕು. ಹಾಗಂತ ನಿಮಗೆ ಹೇಳಿದಾಗ ನೀವು ಮೇಜು ಕುಟ್ಟಿ, ‘ಭೇಷ್ ಇಲಿಮರಿ’ ಅಂದಿದ್ದಿರಿ.

ಇನ್ನೊಂದು. ಬಾವಿಗೆ ವಿಷ ಹಾಕಿದ್ದು ಮಂತ್ರಿಯೇ, ಸಿಂಹಾಸನದ ಆಸೆಗೆ ಊರನ್ನು ಬೂದಿಯವರ ಮೇಲೆ ಎತ್ತಿಕಟ್ಟಿದ್ದಾನೆ ಅನ್ನುವುದು ಬಯಲಾಗುವ ಕೊನೆಯ ಅಧ್ಯಾಯ ಎಲ್ಲಿ? ನಾನು ಆಡಿದ ಆಟದಲ್ಲಿ ಬೂದಿಯವರನ್ನು ಕೇರಿಯಿಂದ ಓಡಿಸಿದರೆ ಬಾವಿ ಶುದ್ಧವಾಗುತ್ತದೆ, ಪರದೆಯ ಮೇಲೆ ಹೂವು ಉದುರುತ್ತವೆ. ‘ಸಂಭಾಷಣೆ’ ಅಂತ ನನ್ನ ಹೆಸರು ಬರುತ್ತದೆ.

ಏನೋ ತಪ್ಪು ಕಡತ ಸೇರಿದೆ ಅಂತ ಹೇಳಿ. ಸರಿಪಡಿಸುತ್ತೇವೆ ಅನ್ನಿ. ನಂಬುತ್ತೇನೆ.

ನಿಮ್ಮ
ಇಲಿಮರಿ


ಮಾರ್ಚ್ 15

ಪ್ರೀತಿಯ ಇಲಿಮರಿ,

ನಿನ್ನ ಕಾಗದ ನೋಡಿ ಇಡೀ ಆಫೀಸು ಸುತ್ತ ನಿಂತಿತು. ಅಂಚೆಯಲ್ಲಿ ಕಾಗದ ಬಂದು ಎಷ್ಟು ವರ್ಷವಾಯಿತೋ! ಒಳಗೇನಿದೆ ಅಂತ ಯಾರಿಗೂ ಹೇಳಲಿಲ್ಲ, ಹೆದರಬೇಡ.

ತಪ್ಪು ಕಡತ ಸೇರಿಲ್ಲ. ನೀನೇ ಬರೆದಿಟ್ಟು ಹೋದ ಚೀಟಿ ನೆನಪಿದೆಯಾ? ‘ಎಡದ್ದು ಮೊದಲು ರೆಕಾರ್ಡ್ ಮಾಡಿಬಿಡಿ. ಬಲದ್ದು ಆಮೇಲೆ ನೋಡೋಣ, ಸರಿಯಾದ ದನಿ ಸಿಗಬೇಕು.’ ಮೂರು ವಾರ ಮುಂಚೆಯೇ ನಿನಗೆ ನೋವು ಬಂತು, ನೀನು ಹೋದೆ. ಸರಿಯಾದ ದನಿ ಹುಡುಕುವವರು ಯಾರು? ಬಿಡುಗಡೆಯ ದಿನ ಮುಂದೆ ಹಾಕಲು ಮೇಲಿನವರು ಒಪ್ಪಲಿಲ್ಲ. ಮಂತ್ರಿಯ ಅಧ್ಯಾಯ ಮುಂದಿನ ಭಾಗಕ್ಕೆ ಇಟ್ಟಿದ್ದೇವೆ. ಜನ ಕುತೂಹಲದಿಂದ ಕಾಯಲಿ.

ನೀನು ಇಲ್ಲದ್ದನ್ನೆಲ್ಲ ಹಚ್ಚಿಕೊಳ್ಳುತ್ತಿದ್ದೀಯ. ಬೆಂಕಿಬೆಟ್ಟದ ಬುಡದಲ್ಲಿರುವ ಜನ, ಮೂರು ತಲೆಯ ಹದ್ದು, ಮಾತಾಡುವ ಕತ್ತಿ. ಇದನ್ನು ಯಾರು ನಿಜ ಅಂದುಕೊಳ್ಳುತ್ತಾರೆ? ಆಟ ಆಟವಾಗಿರಲಿ, ಅದಕ್ಕೆ ರಾಜಕೀಯ ತರಬೇಡ. ಬಾಣಂತಿ ನೀನು. ಮಗು ಮಲಗಿದಾಗ ನೀನೂ ಮಲಗು.

ಫೋಟೋ ನೋಡಿದೆ. ಕಣ್ಣು ಪೂರ್ತಿ ನಿನ್ನದೇ. ಪುಣ್ಯಕ್ಕೆ ಬಣ್ಣ ನಮ್ಮ ಕಡೆಯದ್ದು ಬಂದಿದೆ! ಅತ್ತೆಯ ಮುತ್ತು ಕೊಡು ಅವಳಿಗೆ.

ನಿನ್ನ
ಅಕ್ಕ


ಏಪ್ರಿಲ್ 2

ಅಕ್ಕ,

ಚೀಟಿ ನಾನೇ ಬರೆದದ್ದು. ಅದನ್ನು ಒಪ್ಪಿಕೊಂಡೇ ಮುಂದೆ ಬರೆಯುತ್ತೇನೆ. ಬೈಗುಳವನ್ನು ಮೊದಲು ಕಳಿಸಿ ಉತ್ತರವನ್ನು ಆಮೇಲೆ ನೋಡೋಣ ಅಂದವಳು ನಾನೇ. ಹೊಡೆತ ಈಗ ಇರಲಿ, ಮುಲಾಮು ರಜೆ ಮುಗಿದ ಮೇಲೆ ಅಂದ ಹಾಗೆ.

ಈಗ ಇದನ್ನು ಕೇಳಿ. ನಮ್ಮಮ್ಮ ದಿನಾ ಹನ್ನೊಂದರ ಬಸ್ಸಿಗೆ ಬಂದು ಮಗುವನ್ನು ನೋಡಿಕೊಳ್ಳುತ್ತಾಳೆ, ನಿಮಗೆ ಗೊತ್ತು. ಅವಳು ಬಂದರೆ ನನಗೆ ಸ್ನಾನ, ಊಟ, ಒಂದು ಗಂಟೆ ನಿದ್ದೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ ರಕ್ತದ ಬಟ್ಟೆ ಒಗೆದ ಕೈ. ಆ ಕೈ ಬೆನ್ನು ಸವರಿದರೆ ಈ ಹಟಮಾರಿ ಎರಡೇ ನಿಮಿಷದಲ್ಲಿ ಮಲಗುತ್ತಾಳೆ. ನನಗೆ ಬರದ ವಿದ್ಯೆ.

ಪಕ್ಕದ ಮನೆಯಲ್ಲಿ ತೆರಿಗೆ ಕಚೇರಿಯ ಗುಮಾಸ್ತರಿದ್ದಾರೆ. ಬಹಳ ಮರ್ಯಾದಸ್ಥರು, ಲಿಫ್ಟ್ ಇಲ್ಲದ ಈ ಕಟ್ಟಡದಲ್ಲಿ ಎಷ್ಟೋ ಸಲ ನನ್ನ ಚೀಲ ಹೊತ್ತು ತಂದುಕೊಟ್ಟಿದ್ದಾರೆ. ಅವರಿಗೆ ಎಂಟು ವರ್ಷದ ಮಗಳು. ಕಳೆದ ಗುರುವಾರ ಆ ಹುಡುಗಿ ಮೆಟ್ಟಿಲ ತಿರುವಿನಲ್ಲಿ ಹಗ್ಗದಾಟ ಆಡುತ್ತಿದ್ದಳು. ಹಗ್ಗದ ಏಟಿಗೆ ಸರಿಯಾಗಿ ಹಾಡುತ್ತಿದ್ದಳು:

‘ಬಾವಿ ಮುಚ್ಚಿ, ಬೂದಿ ಬಂತು! ಬಾವಿ ಮುಚ್ಚಿ, ಬೂದಿ ಬಂತು!’

ಬಾಗಿಲು ತೆರೆದು ನಿಂತಿದ್ದೆ ನಾನು. ಅಮ್ಮ ಎರಡು ಮೆಟ್ಟಿಲು ಕೆಳಗೆ ನಿಂತುಬಿಟ್ಟಳು. ಹುಡುಗಿ ಪಾಪ, ಹಗ್ಗ ನಿಲ್ಲಿಸಿ, ‘ಹೋಗಿ ಅಜ್ಜಿ, ಹೋಗಿ’ ಅಂತ ದಾರಿ ಬಿಟ್ಟಳು. ನಕ್ಕಳು ಕೂಡ. ಅಮ್ಮ ಒಳಗೆ ಬಂದು ಚಪ್ಪಲಿ ಬಿಡಲಿಲ್ಲ.

‘ಆ ಮಾತು ಎಲ್ಲಿಂದ ಬಂತೇ ಇಲ್ಲಿಗೆ?’ ಅಂದಳು.

ಆ ಮಾತು ಎಲ್ಲಿಂದ ಬಂತು ಅಂತ ನಿಮಗೂ ಹೇಳಿರಲಿಲ್ಲ ಅಕ್ಕ. ಈಗ ಹೇಳುತ್ತೇನೆ. ನನಗೆ ಒಂದು ವರ್ಷವಾಗಿದ್ದಾಗ ಅಮ್ಮ ಒಂದು ವಠಾರದಲ್ಲಿ ಬಾಡಿಗೆಗಿದ್ದಳು. ನದಿಯಾಚೆಯಿಂದ ಇಟ್ಟಿಗೆ ಗೂಡಿಗೆ ಬಂದವರ ಮೊಮ್ಮಗಳು. ಮೈಬಣ್ಣ ಹಾಗೆ, ಮಾತಿನ ಎಳೆತ ಹಾಗೆ, ಊರಿಗೆಲ್ಲ ‘ಬೂದಿ’. ನೀರಿಗೆ ಹೋದಾಗಲೆಲ್ಲ ಮನೆಯೊಡತಿ ಮಹಡಿಯಿಂದ ಕೂಗುತ್ತಿದ್ದಳಂತೆ, ‘ಬಾವಿ ಮುಚ್ರೇ, ಬೂದಿ ಬಂತು.’ ಆ ಬಾವಿ ತೋಡಿದ್ದು ನನ್ನಮ್ಮನ ತಾತ. ಅದು ಮನೆಯೊಡತಿಗೂ ಗೊತ್ತಿತ್ತು.

‘ನೀನೇನಂದೆ ಅಮ್ಮ?’ ಅಂತ ಕೇಳಿದ್ದೆ.

‘ಏನನ್ಲಿ? ಒಂದು ಕೈಯಲ್ಲಿ ಕೊಡ, ಇನ್ನೊಂದರಲ್ಲಿ ನೀನು.’

ಅವಳು ಅದನ್ನು ಜೀವಮಾನದಲ್ಲಿ ಹೇಳಿದ್ದು ನನಗೊಬ್ಬಳಿಗೆ. ನಾನು ಅದನ್ನು ಎಡ ಅಂಕಣದಲ್ಲಿ ಹಾಕಿದೆ. ಮಿಕ್ಕ ಮೂವತ್ತೊಂಬತ್ತೂ ಅಷ್ಟೇ, ಒಂದನ್ನೂ ನಾನು ಹುಟ್ಟಿಸಿದ್ದಲ್ಲ. ಬಸ್ಸಿನಲ್ಲಿ, ಲಾಂಡ್ರಿಯಲ್ಲಿ, ನನ್ನ ಶಾಲೆಯ ಗೇಟಿನಲ್ಲಿ ಅವಳ ಕಿವಿಗೆ ಬಿದ್ದವು. ನಾನು ಹುಟ್ಟಿಸಿದ್ದು ಉತ್ತರಗಳನ್ನು ಮಾತ್ರ.

ಅವಳಿಗೆ ಎಲ್ಲ ಹೇಳಿದೆ. ಆಟ, ಪಟ್ಟಿ, ಚೀಟಿ. ಅವಳು ಕೇಳಿಸಿಕೊಂಡು, ಮಗುವಿನ ಬಟ್ಟೆ ಮಡಚಿಟ್ಟು, ಒಂದೂವರೆಯ ಬಸ್ಸಿಗೆ ಹೋದಳು. ಶುಕ್ರವಾರ ಬರಲಿಲ್ಲ. ಶನಿವಾರ ಇಲ್ಲ. ಇವತ್ತಿಗೆ ಆರು ದಿನ. ಫೋನ್ ಮಾಡಿದರೆ, ‘ಮಂಡಿ ನೋವು ಕಣೇ, ನಿಮ್ಮ ಮೆಟ್ಟಿಲು ಹತ್ತೋಕಾಗಲ್ಲ’ ಅನ್ನುತ್ತಾಳೆ. ಅದೇ ಮಂಡಿಯಲ್ಲಿ ಐದು ತಿಂಗಳು ಹತ್ತಿದ್ದಾಳೆ.

ನಿಮ್ಮ ತಮ್ಮ ಹೇಳುತ್ತಾರೆ, ‘ಅಕ್ಕನ ಹತ್ತಿರ ಜಗಳ ಬೇಡ, ಮನೆ ಮಾತು ಮನೆಯಲ್ಲಿರಲಿ.’ ಮನೆ ಮಾತು ಮನೆಯಲ್ಲಿ ಎಲ್ಲಿದೆ? ಮೆಟ್ಟಿಲ ಮೇಲೆ ಹಗ್ಗದಾಟ ಆಡುತ್ತಿದೆ.

ಬಲದ ಅಂಕಣ ನಿಮ್ಮಲ್ಲೇ ಇದೆ. ದನಿಯೂ ಇದೆ. ನಾನು ರಜೆಗೆ ಮುಂಚೆ, ಆಟಕ್ಕೆ ಅಂತ ಹೇಳದೆ, ಮಾದರಿಗೆಂದು ಅಮ್ಮನ ಕೈಲೇ ನಲವತ್ತೂ ಓದಿಸಿ ಕಡತದಲ್ಲಿ ಇಟ್ಟಿದ್ದೆ. ಸರಿಯಾದ ದನಿ ಸಿಗುವವರೆಗೆ ಅದನ್ನೇ ಹಾಕಿ. ಒಂದು ದಿನದ ಕೆಲಸ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ನಿಮ್ಮ ತಮ್ಮನ ಹೆಂಡತಿ


ಏಪ್ರಿಲ್ 11

ಪ್ರೀತಿಯ ಇಲಿಮರಿ,

‘ತಮ್ಮನ ಹೆಂಡತಿ’ ಅಂತ ಸಹಿ ಹಾಕಿದ್ದೀಯ. ಇರಲಿ. ನಾಲ್ಕು ವರ್ಷ ಕಾಲೇಜಿನಲ್ಲಿ ನಿನ್ನ ಹಿಂದೆ ನಿಂತವಳು, ಈ ಕೆಲಸ ಕೊಡಿಸಿದವಳು, ನಮ್ಮಮ್ಮ ಮದುವೆಗೆ ಅಡ್ಡ ನಿಂತಾಗ, ‘ಆ ಹುಡುಗಿ ಚಿನ್ನ’ ಅಂತ ವಾದಿಸಿದವಳು ನಾನು. ನೆನಪಿರಲಿ.

ನಿಮ್ಮಮ್ಮನ ವಿಷಯ ಓದಿ ಕಷ್ಟವಾಯಿತು. ಮಕ್ಕಳು ಏನೇನೋ ಹಾಡುತ್ತವೆ, ನಾಲ್ಕು ದಿನಕ್ಕೆ ಮರೆಯುತ್ತವೆ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ಜೂನಿನಲ್ಲಿ ನಗರಸಭೆ ಚುನಾವಣೆ. ನಿಮ್ಮವರಿರುವ ನದಿಕೇರಿ ಖಾಲಿ ಮಾಡಿಸುತ್ತೇವೆ ಅನ್ನುವವರಿಗೆ ನಮ್ಮ ಆಟ ಯಾಕೋ ಬಹಳ ಹಿಡಿಸಿದೆ. ಅವರ ಹುಡುಗರು ಬಾವಿಯ ಮುಚ್ಚಳದ ಚಿತ್ರ ಅಂಗಿಯ ಮೇಲೆ ಹಾಕಿಕೊಂಡು ಓಡಾಡುತ್ತಿದ್ದಾರೆ. ನಾವು ಹೇಳಿಕೊಟ್ಟದ್ದಲ್ಲ. ಆದರೆ ಹೊಸ ಕಟ್ಟಡದ ಜಾಗಕ್ಕೆ ಮೇಲಿನವರು ಅವರ ನಾಯಕರ ಹತ್ತಿರ ಓಡಾಡುತ್ತಿದ್ದಾರೆ. ಮಂತ್ರಿಯ ಅಧ್ಯಾಯ ಈಗ ಬಂದರೆ ಅವರಿಗೆ ಕನ್ನಡಿ ಹಿಡಿದ ಹಾಗಾಗುತ್ತದೆ. ನಿನ್ನ ಉತ್ತರಗಳೂ ಅಷ್ಟೇ. ನಾನು ಮೀಟಿಂಗಿನಲ್ಲಿ ಬಾಯಿ ತೆರೆದೆ, ಮುಚ್ಚಿಸಿದರು. ನನಗೂ ಮಕ್ಕಳಿದ್ದಾರೆ.

ಈಗ ಒಂದು ಪತ್ರಿಕೆಯವಳು ಇದನ್ನೆಲ್ಲ ಕೆದಕುತ್ತಿದ್ದಾಳೆ. ಅದಕ್ಕೆ ಒಂದು ಹೇಳಿಕೆ ತಯಾರು ಮಾಡಿದ್ದೇವೆ, ಇದರ ಜೊತೆ ಇಟ್ಟಿದ್ದೇನೆ. ಎರಡೇ ಸಾಲು: ‘ಈ ಆಟದ ಸಂಭಾಷಣೆಗಳನ್ನು ಅದೇ ಸಮುದಾಯಕ್ಕೆ ಸೇರಿದ ಲೇಖಕಿಯೇ ಸ್ವಇಚ್ಛೆಯಿಂದ ಬರೆದಿದ್ದಾರೆ. ಇದರಲ್ಲಿ ಯಾವ ಪೂರ್ವಗ್ರಹವೂ ಇಲ್ಲ.’ ಕೆಳಗೆ ನಿನ್ನ ಸಹಿ. ಸುಳ್ಳೇನೂ ಇಲ್ಲವಲ್ಲ? ನಿಮ್ಮವಳೇ ಬರೆದದ್ದು ಅಂದರೆ ಎಲ್ಲರ ಬಾಯಿ ಮುಚ್ಚುತ್ತದೆ.

ಸಹಿ ಹಾಕು. ಚುನಾವಣೆ ಮುಗಿಯಲಿ, ನಿನ್ನ ಬಲದ ಅಂಕಣ ನಾನೇ ಸೇರಿಸುತ್ತೇನೆ. ನನ್ನ ತಮ್ಮನ ಮುಖ ನೋಡಿಯಾದರೂ.

ಅಕ್ಕ


ಏಪ್ರಿಲ್ 20

ನೀವು ಕಳಿಸಿದ ಎರಡು ಸಾಲು ಅಡುಗೆಮನೆಯ ಕಪಾಟಿಗೆ ಅಂಟಿಸಿದ್ದೇನೆ. ಬಾಟಲಿ ಕುದಿಸುವಾಗಲೆಲ್ಲ ಓದುತ್ತೇನೆ. ನೀರಿಗಿಂತ ಮೊದಲು ನಾನು ಕುದಿಯುತ್ತೇನೆ.

ಆದರೆ ಇವತ್ತು ಬರೆಯುತ್ತಿರುವುದು ಅದಕ್ಕಲ್ಲ.

ನಿನ್ನೆ ಭಾನುವಾರ, ಮಧ್ಯಾಹ್ನ ಮೂರು ಗಂಟೆ. ಹಾಸಿಗೆಯ ಮೇಲೆ ಮಗುವಿಗೆ ಎಣ್ಣೆ ಹಚ್ಚುತ್ತಿದ್ದೆ. ಅಜ್ಜಿ ಬರದೆ ಇಪ್ಪತ್ತಮೂರು ದಿನ ಕಳೆದಿದ್ದವು. ಮಗು ಇದ್ದಕ್ಕಿದ್ದ ಹಾಗೆ ಗೋಡೆಯ ಕಡೆ ತಲೆ ತಿರುಗಿಸಿದಳು. ಕಾಲು ಬಡಿದಳು. ನಕ್ಕಳು ಅಕ್ಕ, ಬೊಚ್ಚುಬಾಯಿ ಅಗಲಿಸಿ, ‘ಆ’ ಅಂತ ಕರೆದಳು. ಅಜ್ಜಿ ಬಾಗಿಲು ತೆರೆದಾಗ ಮಾತ್ರ ಹಾಗೆ ಕರೆಯುತ್ತಾಳೆ.

ಆಮೇಲೆ ನನಗೂ ಕೇಳಿಸಿತು. ಗೋಡೆಯಾಚೆ ನಮ್ಮಮ್ಮ.

‘ಅಯ್ಯೋ, ಸಾಕು!’ ಮತ್ತೆ ಕೆಮ್ಮು. ಮತ್ತೆ, ‘ಅಯ್ಯೋ, ಸಾಕು!’

ಮಗುವನ್ನು ಎಣ್ಣೆಮೈಯಲ್ಲೇ ಎತ್ತಿಕೊಂಡು ಓಡಿದೆ. ಏನೋ ಆಗಿದೆ, ಅಮ್ಮ ಬಂದಿದ್ದಾಳೆ, ಬಿದ್ದಿದ್ದಾಳೆ, ಯಾರೋ ಏನೋ ಮಾಡುತ್ತಿದ್ದಾರೆ ಅಂತ. ಬಾಗಿಲು ಬಡಿದೆ. ಗುಮಾಸ್ತರು ಬನಿಯನ್ನಿನಲ್ಲಿ ಬಂದು ಬಾಗಿಲು ತೆರೆದರು. ‘ಏನಮ್ಮಾ, ಸದ್ದು ಜಾಸ್ತಿ ಆಯ್ತಾ? ಸಾರಿ, ಸಾರಿ. ರಜಾ ಅಲ್ವಾ, ಆಟ ಆಡ್ತಿದ್ದೆ.’ ಅವರ ಹಿಂದೆ, ಗೋಡೆಯಷ್ಟಗಲದ ಟಿವಿಯಲ್ಲಿ, ಬೂದಿಕೇರಿಯ ಮುದುಕಿಯೊಬ್ಬಳು ಮೊಣಕಾಲೂರಿದ್ದಳು. ಹೆಂಡತಿ ಸೋಫಾದಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದಳು. ಎಂಟು ವರ್ಷದವಳು ಹೋಂವರ್ಕ್ ಮಾಡುತ್ತಿದ್ದಳು.

ಮನೆಗೆ ಬಂದು ನಮ್ಮ ಲ್ಯಾಪ್‌ಟಾಪ್ ತೆರೆದು ನಾನೇ ಆಡಿ ನೋಡಿದೆ. ಒಂದು ಕೈಯಲ್ಲಿ ನಿಮ್ಮ ಸೋದರಸೊಸೆ, ಇನ್ನೊಂದು ಕೈಯಲ್ಲಿ ಕತ್ತಿ. ಬೂದಿಯ ಹೆಂಗಸರಿಗೆ ಏಟು ಬಿದ್ದಾಗಲೆಲ್ಲ ಬರುವ ದನಿ ನಮ್ಮಮ್ಮನದು. ನಾನು ಕಡತದಲ್ಲಿಟ್ಟ ಮೂವತ್ತೆರಡು ನಿಮಿಷದ ಮಾದರಿಯಿಂದ ಕತ್ತರಿಸಿದ್ದು. ಉತ್ತರಗಳು ಬೇಡವಾದವು, ಉತ್ತರ-ಉತ್ತರದ ನಡುವಿನ ಚೂರುಗಳು ಬೇಕಾದವು.

ಆ ‘ಅಯ್ಯೋ, ಸಾಕು’ ಏನು ಗೊತ್ತಾ? ಹೇಳುತ್ತೇನೆ, ಕೇಳಿ. ನಮ್ಮ ಅಡುಗೆಮನೆಯಲ್ಲಿ ರೆಕಾರ್ಡ್ ಮಾಡಿದ್ದು. ಮೊದಮೊದಲು ಅಮ್ಮನಿಗೆ ನಾಚಿಕೆ, ಪಿಸುಗುಟ್ಟಿದಳು. ಐದಾರು ಆಗುವ ಹೊತ್ತಿಗೆ ಸೊಂಟಕ್ಕೆ ಕೈ ಬಂತು. ‘ತೊಳೆದ್ರೂ ಹೋಗಲ್ಲ ಈ ಬಣ್ಣ’ ಅಂತ ನಾನು ಮನೆಯೊಡತಿಯ ದನಿಯಲ್ಲಿ ಮೂಗು ಮುರಿದೆ. ‘ತೊಳೆದ್ರೆ ಹೋಗೋದು ಕೊಳೆ ಕಣೇ, ಅದು ನಿನ್ನ ನಾಲಿಗೆ ಮೇಲಿದೆ, ಚಾಚು!’ ಅಂತ ಅಮ್ಮ ಸೌಟು ಎತ್ತಿದಳು. ಇಬ್ಬರೂ ಬಿದ್ದೂ ಬಿದ್ದೂ ನಕ್ಕೆವು. ಅವಳಿಗೆ ನಕ್ಕರೆ ಕೆಮ್ಮು. ಲಾಂಡ್ರಿಯ ಬ್ಲೀಚು ಕುಡಿದ ಎದೆ. ಕೆಮ್ಮುತ್ತಾ, ಕಣ್ಣೀರು ಒರೆಸಿಕೊಳ್ಳುತ್ತಾ, ‘ಅಯ್ಯೋ, ಸಾಕು ಬಿಡೇ, ಹೊಟ್ಟೆ ಹುಣ್ಣಾಯ್ತು’ ಅಂದಳು.

ನನ್ನಮ್ಮ ಅಷ್ಟು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆ ನಗುವಿನ ಬಾಲ ಕತ್ತರಿಸಿ, ಅದನ್ನು ಏಟು ತಿನ್ನುವ ಮುದುಕಿಯ ಬಾಯಿಗೆ ಹಾಕಿದ್ದೀರಿ. ಊರೂರಿನ ಹಜಾರಗಳಲ್ಲಿ ಜನ ಬಟಾಣಿ ಸುಲಿಯುತ್ತಾ ನನ್ನ ತಾಯಿಗೆ ಹೊಡೆಯುತ್ತಿದ್ದಾರೆ. ನನ್ನ ಮಗಳು ಅಜ್ಜಿ ಬಂದಳೆಂದು ಗೋಡೆಗೆ ಕೈ ಚಾಚುತ್ತಿದ್ದಾಳೆ.

ಯಾರು ಮಾಡಿದರು ಅಂತ ಕೇಳುವುದಿಲ್ಲ. ದನಿ ವಿಭಾಗದ ಯಾರೋ, ಸಮಯವಿಲ್ಲದೆ, ಕೈಗೆ ಸಿಕ್ಕ ಕಡತದಿಂದ. ಗೊತ್ತು. ಕೆಟ್ಟವರೇ ಬೇಕಾಗಿಲ್ಲ ಇದಕ್ಕೆಲ್ಲ. ಆದರೆ ಒಪ್ಪಿಗೆಯ ಸಹಿ ಹಾಕುವ ಕೈ ನಿಮ್ಮದು ಅಕ್ಕ. ಆ ದನಿ ನಿಮಗೆ ಗುರುತು ಸಿಗಲಿಲ್ಲವೇ? ನನ್ನ ಮದುವೆಯ ದಿನ ಆ ದನಿ ನಿಮ್ಮನ್ನು ‘ಬಾ ಮಗಳೇ’ ಅಂತ ಕರೆದಿತ್ತು.

ಆ ದನಿ ತೆಗೆಯಿರಿ. ಚುನಾವಣೆ ಆದ ಮೇಲಲ್ಲ. ಈಗ.

ಸಹಿ ಹಾಕುವುದಿಲ್ಲ, ಈ ಕಾಗದಕ್ಕೂ, ಆ ಹೇಳಿಕೆಗೂ.


ಮೇ 3

ಮಗಳಿಗೆ ಆಶೀರ್ವಾದ.

ಫೋನಲ್ಲಿ ನೀನು ಅಳ್ತೀಯ, ಮಗು ಅಳುತ್ತೆ, ನನಗೆ ಏನೂ ಕೇಳ್ಸಲ್ಲ. ಅದಕ್ಕೆ ಬರೀತಿದ್ದೀನಿ. ಅಕ್ಷರ ಸೊಟ್ಟ, ಹೊಟ್ಟೆಗೆ ಹಾಕ್ಕೋ.

ನನ್ನ ದನಿ ಆಟದಲ್ಲಿದೆ ಅಂದೆ. ಎದುರುಮನೆ ಹುಡುಗಿ ಮೊಬೈಲಲ್ಲಿ ತೋರಿಸಿದ್ಲು. ಕೇಳಿದೆ. ನನಗೆ ಮೊದಲು ಆ ದಿನದ್ದೇ ನೆನಪಾಗಿ ನಗು ಬಂತು, ಆಮೇಲೆ ಬೇರೆ ಏನೋ ಬಂತು. ಅದನ್ನ ಬರೆಯೋಕೆ ಬರಲ್ಲ.

ನಾನು ನಿನ್ನ ಮೇಲೆ ಕೋಪ ಮಾಡ್ಕೊಂಡಿದ್ದು ನಿಜ. ನಾನು ಹೇಳಿದ್ದು ನಿನಗೆ, ಊರಿಗಲ್ಲ. ಕೇಳಿ ಬರೀಬೇಕಿತ್ತು. ಆದರೆ ನಾನು ಬರೋದು ಬಿಟ್ಟಿದ್ದು ಅದೊಂದಕ್ಕೇ ಅಲ್ಲ. ಆ ಹಗ್ಗದಾಟದ ಹಿಂದಿನ ದಿನ ಮಗೂನ ಎತ್ಕೊಂಡು ಬಿಸಿಲಿಗೆ ಅಂತ ಕೆಳಗೆ ಹೋಗಿದ್ನಲ್ಲ, ಮೊದಲನೇ ಮಹಡಿ ಹೆಂಗಸು ಅಡ್ಡ ನಿಂತು, ‘ಯಾರ ಮಗು ಇದು, ಎಲ್ಲಿಂದ ಎತ್ಕೊಂಡು ಬಂದೆ’ ಅಂತ ಕೇಳಿದ್ಲು. ಮಗು ಬೆಳ್ಳಗಿದೆ, ನಾನು ಹೀಗಿದ್ದೀನಿ. ನನ್ನ ಮೊಮ್ಮಗಳು ಅಂದೆ. ಅವಳು ನಂಬಲಿಲ್ಲ. ಮೇಲೆ ಬಂದು ಗಂಟೆ ಒತ್ತಿ ನಿನ್ನ ಗಂಡನ್ನ ಕೇಳಿ ಹೋದ್ಲು. ನೀನು ಮಲಗಿದ್ದೆ. ಅಳಿಯಂದ್ರು, ‘ಅವಳಿಗೆ ಹೇಳಬೇಡಿ, ನೊಂದ್ಕೋತಾಳೆ’ ಅಂದ್ರು. ನಾನೂ ಹೇಳಲಿಲ್ಲ. ಈಗ ಹೇಳ್ತಿದ್ದೀನಿ. ಸುಮ್ಮನಿದ್ದು ಸುಮ್ಮನಿದ್ದು ಸಾಕಾಗಿದೆ.

ಒಂದು ಕೆಲಸ ಮಾಡು. ಆ ನಲವತ್ತು ಮಾತು ಬರೆದು ಕಳಿಸು. ನೀನು ಓದಿಸಿದ್ದು ಚೆನ್ನಾಗಿತ್ತು, ಈಗ ಮರೆತುಹೋಗಿದೆ. ದೊಡ್ಡ ಅಕ್ಷರದಲ್ಲಿ ಬರಿ. ಮೆಟ್ಟಿಲು ಹತ್ತೋವಾಗ ಬೇಕಾಗುತ್ತೆ.

ಮಗೂಗೆ ಕಿವಿ ಹಿಂದೆ ಎಣ್ಣೆ ನಿಲ್ಲೋ ಹಾಗೆ ಬಿಡಬೇಡ.

ಅಮ್ಮ


ಮೇ 16

ಇಲಿಮರಿ,

ಆ ದನಿ ತೆಗೆಸಿದ್ದೇನೆ. ನಿನ್ನೆಯಿಂದ ಯಾರ ಆಟದಲ್ಲೂ ಇಲ್ಲ. ಮೇಲಿನವರಿಗೆ ‘ಸದ್ದಿನ ದೋಷ’ ಅಂತ ಬರೆದುಕೊಟ್ಟೆ.

ಮೂವತ್ತೆರಡು ನಿಮಿಷವನ್ನೂ ಕೂತು ಕೇಳಿದೆ. ಬಾಗಿಲು ಹಾಕಿಕೊಂಡು, ಎರಡು ಸಲ. ಕೇಳಿದೆ ಅನ್ನುವುದು ನಿನಗೆ ಗೊತ್ತಿರಲಿ. ಇದರ ಜೊತೆ ಪೆನ್‌ಡ್ರೈವಿನಲ್ಲಿದೆ, ಇಟ್ಟುಕೋ.

ಬೈಗುಳ ತೆಗೆಯಲು ಆಗುವುದಿಲ್ಲ. ಉತ್ತರ ಸೇರಿಸಲೂ ಆಗುವುದಿಲ್ಲ. ಹೇಳಿಕೆಗೆ ಸಹಿ ಬರದಿದ್ದರೆ ರಜೆ ಮುಗಿದ ಮೇಲೆ ನಿನ್ನ ಕುರ್ಚಿ ಇಲ್ಲಿ ಇರುವುದಿಲ್ಲ. ಇದನ್ನು ನಾನು ಹೇಳುತ್ತಿಲ್ಲ, ನನ್ನ ಕೈಲಿ ಹೇಳಿಸುತ್ತಿದ್ದಾರೆ.

ಅಕ್ಕ


ಮೇ 28

ಅಕ್ಕ,

ದನಿ ತೆಗೆಸಿದ್ದಕ್ಕೆ ಥ್ಯಾಂಕ್ಸ್ ಹೇಳುವುದಿಲ್ಲ. ಕಾಲ ಮೇಲಿಂದ ಕಾಲು ತೆಗೆದವರಿಗೆ ಯಾರೂ ಹೇಳುವುದಿಲ್ಲ. ಆದರೆ ನೀವು ಬಾಗಿಲು ಹಾಕಿಕೊಂಡು ಕೇಳಿದಿರಲ್ಲ, ಅದನ್ನು ಅಮ್ಮನಿಗೆ ಹೇಳಿದೆ. ‘ಬಾಗಿಲು ತೆಗೆದು ಕೇಳಬೇಕಿತ್ತು’ ಅಂದಳು.

ಹೌದು, ಅಮ್ಮ ಬಂದಳು. ಮೊನ್ನೆ ಮಂಗಳವಾರ, ಅದೇ ಹನ್ನೊಂದರ ಬಸ್ಸಿಗೆ. ನಾನು ದೊಡ್ಡ ಅಕ್ಷರದಲ್ಲಿ ಬರೆದು ಕಳಿಸಿದ ಹಾಳೆಗಳನ್ನು ನಾಲ್ಕಾಗಿ ಮಡಚಿ, ಬಸ್ ಪಾಸಿನ ಜೊತೆ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿದ್ದಳು. ನಿಮ್ಮ ತಮ್ಮ ಕೆಳಗೆ ಹೋಗಿ ಕರೆದುಕೊಂಡು ಬರುತ್ತೇನೆ ಅಂದರು. ಮೊದಲನೇ ಮಹಡಿಯವಳ ವಿಷಯ ಗೊತ್ತಾದ ಮೇಲೆ ನಾನು ಅವರ ಜೊತೆ ಒಂದು ವಾರ ಮಾತಾಡಿರಲಿಲ್ಲ. ಬೇಡ, ಒಬ್ಬಳೇ ಹತ್ತುತ್ತಾಳೆ ಅಂದೆ.

ತಿರುವಿನಲ್ಲಿ ಹಗ್ಗದಾಟ ನಡೆದಿತ್ತು. ನಾನು ಬಾಗಿಲಲ್ಲಿ ಮಗುವನ್ನೆತ್ತಿ ನಿಂತಿದ್ದೆ. ‘ಬಾವಿ ಮುಚ್ಚಿ, ಬೂದಿ ಬಂತು!’

ಅಮ್ಮ ನಿಂತಳು. ಹಾಳೆ ತೆಗೆಯಲಿಲ್ಲ. ಅದೊಂದು ಅವಳಿಗೆ ಬಾಯಿಪಾಠವಿತ್ತು. ಹಗ್ಗ ನೆಲಕ್ಕೆ ಬಡಿಯುವುದನ್ನೇ ಕಾದು, ಅದೇ ತಾಳಕ್ಕೆ ಹೇಳಿದಳು:

‘ಬಾವಿ ತೋಡಿದ್ ಬೂದಿ ತಾನೆ!’

ಹುಡುಗಿ ಹಗ್ಗ ನಿಲ್ಲಿಸಿ ಕಣ್ಣರಳಿಸಿದಳು. ‘ಇದಕ್ಕೆ ಇನ್ನರ್ಧ ಇದೆಯಾ ಅಜ್ಜಿ?’

‘ಇದೆ ಕಂದಾ. ಮೊದಲಿಂದ್ಲೂ ಇತ್ತು.’

ಅವಳಿಗೆ ಖುಷಿಯೋ ಖುಷಿ. ಒಂದು ಏಟಿಗೆ ಹಗ್ಗ ಮುಂದೆ, ಒಂದು ಏಟಿಗೆ ಹಿಂದೆ: ಬಾವಿ ಮುಚ್ಚಿ ಬೂದಿ ಬಂತು, ಬಾವಿ ತೋಡಿದ್ ಬೂದಿ ತಾನೆ. ಇಡೀ ಮೆಟ್ಟಿಲಿಗೆ ಕೇಳುವ ಹಾಗೆ. ಅಮ್ಮ ಒಳಗೆ ಬಂದು ಚಪ್ಪಲಿ ಬಿಟ್ಟು, ಮಗುವನ್ನು ಎತ್ತಿಕೊಂಡಳು. ಇವಳು ‘ಆ’ ಅಂದಳು, ಈ ಸಲ ಗೋಡೆಗಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ನಿಮಗೆ ಹಾಯೆನಿಸುತ್ತಿತ್ತು. ಅದಕ್ಕೇ ಮುಗಿಸುವುದಿಲ್ಲ.

ಗುಮಾಸ್ತರು ಸಂಜೆ ಬಂದು ಬಾಗಿಲು ತಟ್ಟಿದರು. ಅದೇ ಮರ್ಯಾದೆ, ಅದೇ ಮೆಲುದನಿ. ‘ಏನೂ ತಿಳ್ಕೋಬೇಡಿ ಅಜ್ಜಿ. ಮಗೂಗೆ ಏನೋ ಹೇಳಿಕೊಟ್ಟಿದ್ದೀರಂತೆ. ಚುನಾವಣೆ ಟೈಮು, ನಾನು ಸರ್ಕಾರಿ ಕೆಲಸದಲ್ಲಿರೋನು. ಆಟ ಆಟವಾಗಿರ್ಲಿ. ಮಕ್ಕಳ ಬಾಯಿಗೆ ರಾಜಕೀಯ ತುಂಬಬೇಡಿ.’

ಎರಡು ತಿಂಗಳು ಅದರ ಮೊದಲರ್ಧವನ್ನು ಅವರ ಮಗಳು ಅವರ ಬಾಗಿಲ ಮುಂದೆ ಹಾಡಿದಳು. ಒಂದು ದಿನವೂ ಅದು ರಾಜಕೀಯವಾಗಿರಲಿಲ್ಲ. ಉತ್ತರ ಸೇರಿದ ದಿನ ಆಯಿತು.

ಅಮ್ಮ ಏನು ಮಾಡಿದಳು ಗೊತ್ತಾ? ಸೊಂಟದಿಂದ ಹಾಳೆಗಳನ್ನು ತೆಗೆದಳು. ಬಿಡಿಸಿದಳು. ಕನ್ನಡಕ ಏರಿಸಿ, ಒಂದೊಂದೇ ಸಾಲಿಗೆ ಬೆರಳಿಟ್ಟು ಕೊನೆಯವರೆಗೂ ಹುಡುಕಿದಳು. ಗುಮಾಸ್ತರು ಪಾಪ, ಹೋಗಲೂ ಆಗದೆ ನಿಂತಿದ್ದರು. ಆಮೇಲೆ ಅವಳು ನನ್ನ ಕಡೆ ತಿರುಗಿ ಕೇಳಿದಳು:

‘ಇದಕ್ಕೆ ನೀನು ಉತ್ತರವೇ ಬರೆದಿಲ್ಲವಲ್ಲೇ?’

ಇಲ್ಲ, ಬರೆದಿರಲಿಲ್ಲ. ಬೈಗುಳ ಅಂದರೆ ಕೂಗುವುದು ಅಂತ ತಿಳಿದಿದ್ದೆ. ಮೆಲುದನಿಯಲ್ಲಿ, ಕಾಳಜಿಯಿಂದ, ಮುತ್ತಿನ ಜೊತೆ ಬರುವುದೂ ಬೈಗುಳವೇ ಅಂತ ಪಟ್ಟಿ ಮಾಡುವಾಗ ಹೊಳೆದಿರಲಿಲ್ಲ. ನಿಮ್ಮ ಮಾರ್ಚ್ ತಿಂಗಳ ಕಾಗದ ತೆಗೆದು ಮತ್ತೆ ಓದಿದೆ. ‘ಆಟ ಆಟವಾಗಿರಲಿ.’ ಅದರ ಕೆಳಗೇ, ‘ಪುಣ್ಯಕ್ಕೆ ಬಣ್ಣ ನಮ್ಮ ಕಡೆಯದ್ದು.’ ಆ ಸಾಲನ್ನು ನಾನು ಇಷ್ಟು ದಿನ ಓದಿಯೇ ಇಲ್ಲದವಳ ಹಾಗೆ ಇದ್ದೆ, ಅಕ್ಕ. ಮಗಳ ಕೆನ್ನೆ ನೋಡಿದಾಗಲೆಲ್ಲ ಅದು ನೆನಪಾಗುತ್ತಿತ್ತು. ಆದರೂ ಸುಮ್ಮನಿದ್ದೆ. ಒಂದು ಕೈಯಲ್ಲಿ ಕೊಡ, ಇನ್ನೊಂದರಲ್ಲಿ ಮಗು.

ನಿಮ್ಮ ಹೇಳಿಕೆಯ ಕಾಗದವನ್ನು ಕಪಾಟಿನಿಂದ ಕಿತ್ತು ವಾಪಸ್ ಕಳಿಸುತ್ತಿದ್ದೇನೆ. ಸಹಿ ಇಲ್ಲ. ಹಿಂಬದಿ ಖಾಲಿ ಇತ್ತು, ಅಲ್ಲಿ ಎರಡು ಅಂಕಣವನ್ನೂ ಬರೆದಿದ್ದೇನೆ, ಮಂತ್ರಿಯ ಅಧ್ಯಾಯದ ಸಾರವನ್ನೂ. ಇದರ ಇನ್ನೊಂದು ಪ್ರತಿ, ಮೂವತ್ತೆರಡು ನಿಮಿಷದ ದನಿ, ನನ್ನ ‘ಆಮೇಲೆ ನೋಡೋಣ’ ಚೀಟಿಯ ವಿಷಯ, ಎಲ್ಲವೂ ಆ ಪತ್ರಿಕೆಯವಳ ಕೈಗೆ ಇವತ್ತು ಹೋಗುತ್ತದೆ. ಈ ಸಲ ಅಮ್ಮನನ್ನು ಕೇಳಿಯೇ. ‘ಹೆಸರು ಹಾಕ್ಲಾ?’ ಅಂದೆ. ‘ದೊಡ್ಡದಾಗಿ ಹಾಕು’ ಅಂದಳು. ನನ್ನ ತಪ್ಪನ್ನೂ ಬಿಟ್ಟಿಲ್ಲ. ಬೈಗುಳಗಳನ್ನು ನಿಮ್ಮ ಕೈಗೆ ಕೊಟ್ಟವಳು ನಾನೇ ಅಂತ ಮೊದಲ ಸಾಲಿನಲ್ಲೇ ಬರೆದಿದ್ದೇನೆ. ಕುರ್ಚಿಗೆ ಬೇರೆಯವರನ್ನು ಹುಡುಕಿಕೊಳ್ಳಿ.

ಪಟ್ಟಿಗೆ ಈಗ ನಲವತ್ತೊಂದನೆಯದು ಸೇರಿದೆ. ಎಡದಲ್ಲಿ ನಿಮ್ಮ ಮಾತು, ನಿಮ್ಮ ಅಕ್ಷರದಲ್ಲೇ ಇದ್ದ ಹಾಗೆ: ‘ಆಟ ಆಟವಾಗಿರಲಿ, ಅದಕ್ಕೆ ರಾಜಕೀಯ ತರಬೇಡ.’

ಅಮ್ಮ ಮಗುವಿನ ಬೆನ್ನು ಸವರುತ್ತಾ ಒಂದು ಕ್ಷಣ ಯೋಚಿಸಿ ಹೇಳಿದಳು, ನಾನು ಬರೆದುಕೊಂಡೆ. ಬಲದಲ್ಲಿ ಅದಿದೆ. ಆಮೇಲೆ ನೋಡೋಣ ಅಂತ ಈ ಸಲ ಬಿಡಲಿಲ್ಲ:

‘ಏಟು ತಿನ್ನೋರು ನೀವಾಗಿ, ಆಮೇಲೆ ಹೇಳಿ ಆಟ ಅಂತ.’

ಬಾವಿ ತೋಡಿದವನ ಮೊಮ್ಮಗಳ ಮಗಳು